ಎಡಗಡೆಯ ಜೇಡದ ಉಪವಾಸ

ತೊಂದರೆಗೆ ಕಾರಣ ಒಂದೇ ಒಂದು ಸಾಲು. ಜೇಡದ ಮೇಷ್ಟ್ರ ಪ್ರಬಂಧ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಬೇಕಾದರೆ ಅದರ ಹಿಂದಿನ ಅಳತೆಗಳನ್ನೆಲ್ಲ ಅಂದು ಸಂಜೆಯೊಳಗೆ ಸಂಸ್ಥೆಯ ದತ್ತಾಂಶ ಭಂಡಾರಕ್ಕೆ ಒಪ್ಪಿಸಬೇಕಾಗಿತ್ತು, ಯಾರು ಬೇಕಾದರೂ ತೆರೆದು ನೋಡುವಂತೆ. ಫೈಲನ್ನು ಒಪ್ಪಿಸಿಯೂ ಆಗಿತ್ತು. ಭಂಡಾರ ನೋಡಿಕೊಳ್ಳುವ ಗ್ರಂಥಪಾಲಕರು ಕನ್ನಡಕ ಏರಿಸಿ, "ಯಾವ ಕಾಲಂ ಏನು ಅಂತ ಒಂದೊಂದು ಸಾಲು ಬರೆದುಕೊಡಿ ಮೇಷ್ಟ್ರೇ," ಎಂದರು.

"ಅಷ್ಟೇ ತಾನೇ?" ಎಂದು ನಕ್ಕು ಮೇಷ್ಟ್ರು ಬರೆಯಲು ಕೂತರು. ಕೈ ಅಲ್ಲೇ ನಿಂತಿತು.

ಮೇಷ್ಟ್ರ ಕೋಣೆಯಲ್ಲಿ ಎರಡು ಮರದ ಚೌಕಟ್ಟುಗಳು, ಒಂದೊಂದರಲ್ಲಿ ಒಂದು ಜೇಡ. ಬಲಗಡೆಯದಕ್ಕೆ ದಿನವೂ ನೊಣದ ಊಟ, ಎಡಗಡೆಯದಕ್ಕೆ ಉಪವಾಸ. ವಾರಕ್ಕೊಮ್ಮೆ ಎರಡಕ್ಕೂ ಹೊಸ ಜೇಡಗಳನ್ನು ತಂದು ಬಿಟ್ಟು, ಅವು ಹೆಣೆದ ಬಲೆಗಳನ್ನು ವರ್ಷಗಟ್ಟಲೆ ಅಳೆದಿದ್ದರು. ಹೊಟ್ಟೆ ತುಂಬಿದ ಜೇಡದ ಬಲೆಯೇ ದೊಡ್ಡದು ಎಂಬುದು ಅವರ ಪ್ರಬಂಧ. ಆದರೆ ಪಕ್ಕದ ಕೋಣೆಯಲ್ಲಿ ಬಾವಲಿಗಳ ಮೇಲೆ ಸಂಶೋಧನೆ ಮಾಡುವ ಬಾವಲಿ ಮೇಡಂ ಅಳತೆಗಳನ್ನು ಕದ್ದುಬಿಟ್ಟಾರೆಂಬ ಭಯದಿಂದ, ಒಮ್ಮೆ ಫೈಲಿನಲ್ಲಿ 'ಉಂಡದ್ದು', 'ಉಪವಾಸ' ಎಂಬ ತಲೆಬರಹಗಳನ್ನು ಅದಲುಬದಲು ಮಾಡಿಟ್ಟಿದ್ದರು. ಆಮೇಲೆ ಸರಿಪಡಿಸಿದರೋ ಇಲ್ಲವೋ? 'ಕೊನೆಯದು' ಎಂಬ ಫೈಲಿನಲ್ಲಿ ಒಂದು ರೀತಿ ಇತ್ತು, 'ನಿಜವಾಗಿ ಕೊನೆಯದು' ಎಂಬುದರಲ್ಲಿ ಇನ್ನೊಂದು ರೀತಿ. 'ದೇವರಾಣೆ ಕೊನೆಯದು' ತೆರೆದುಕೊಳ್ಳಲೇ ಇಲ್ಲ.

"ಯಾವ ಕಾಲಂ ಯಾವುದು ಅಂತ ಮರೆತೇಹೋಯ್ತಾ?" ಎಂದು ಗ್ರಂಥಪಾಲಕರು ಕೂಗಿದ ಕೂಗಿಗೆ ಬಾವಲಿ ಮೇಡಂ ಓಡಿಬಂದರು.

"ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀರ ಮೇಷ್ಟ್ರೇ? ಜೇಡವನ್ನೇ ಕೇಳಿದ್ರಾಯ್ತು. ಯಾವುದು ದೊಡ್ಡ ಬಲೆ ಕಟ್ಟುತ್ತೋ ದೊಡ್ಡ ಅಳತೆಗಳ ಕಾಲಂ ಅದರದ್ದು, ನೋಡೋಣ ಬನ್ನಿ."

"ನೋಡಿ. ಆದ್ರೆ ಯಾವ ಜೇಡಕ್ಕೆ ಏನು ಮಾಡಿದೀನಿ ಅಂತ ಮಾತ್ರ ಕೇಳಬೇಡಿ. ಗುಟ್ಟು," ಎಂದರು ಮೇಷ್ಟ್ರು.

ಮೂವರೂ ಕುರ್ಚಿ ಎಳೆದುಕೊಂಡು ಕೂತರು. ಇಳಿಬಿಸಿಲು ಒಳಗೆ ಬಿದ್ದಿತ್ತು. ಎಡಗಡೆಯ ಜೇಡ ಹರಿದ ಹಳೆಯ ಬಲೆಯನ್ನು ತಾನೇ ನುಂಗಿತು. ಕಳೆದದ್ದಕ್ಕೆ ಒಂದು ಗಳಿಗೆಯೂ ಮರುಗದೆ ಬರಿಯ ಗಾಳಿಗೆ ಒಂದು ಎಳೆ ಬಿಟ್ಟಿತು. ಎಳೆ ತೇಲಿಹೋಗಿ ಆಚೆಯ ಅಂಚಿಗೆ ಅಂಟಿತು. ಅದರ ಮೇಲೆ ನಡೆದು, ನಡುವಿನಿಂದ ಸುತ್ತಲೂ ಎಳೆಗಳನ್ನು ಕಟ್ಟಿ, ಸುತ್ತಿ ಸುತ್ತಿ ಬಂದಿತು. ದರ್ಜಿ ಗೇಣು ಹಾಕುವಂತೆ ಪ್ರತಿ ಸುತ್ತಿಗೂ ಕಾಲಿನಿಂದ ಅಂತರ ಮುಟ್ಟಿ ನೋಡಿತು. ತಾಯಿಯ ಮುಖವನ್ನೇ ಕಾಣದ ಜೀವಕ್ಕೆ ಕೈಹಿಡಿದು ತಿದ್ದಿಸಿದವನು ಯಾರು? ಬಾವಲಿ ಮೇಡಂ ಚೌಕಟ್ಟಿನತ್ತ ಇನ್ನಷ್ಟು ಬಾಗಿದರು. ಗ್ರಂಥಪಾಲಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಷ್ಟ್ರಂತೂ ಇಷ್ಟು ವರ್ಷ ಬಲೆಗಳನ್ನು ಅಳೆದಿದ್ದರೇ ಹೊರತು, ಹೆಣೆಯುವುದನ್ನು ಒಂದು ದಿನವೂ ಕೂತು ನೋಡಿರಲಿಲ್ಲ.

ಬಲಗಡೆಯ ಜೇಡ ಬೊಗಸೆಯಷ್ಟು ಹೆಣೆದು ಸುಮ್ಮನಾಯಿತು. ಎಡಗಡೆಯದು ಚೌಕಟ್ಟನ್ನೇ ತುಂಬಿತು.

"ನನ್ನ ಪ್ರಬಂಧ ತಲೆಕೆಳಗು!" ಎಂದು ಮೇಷ್ಟ್ರು ಎದ್ದು ನಿಂತರು. ಆದರೆ ಅವರ ಮುಖ ಬೆಳಗುತ್ತಿತ್ತು. "ಆಗಲಿ ಬಿಡಿ. ಹಸಿದ ಜೀವ ಎಷ್ಟು ದೊಡ್ಡದಾಗಿ ಕೈ ಚಾಚುತ್ತೆ ನೋಡಿ! ಇದು ಭಗವಂತನ ಲೆಕ್ಕ. ನಮ್ಮದೇನಿದೆ?" ಎಂದು, ಪ್ರಬಂಧವನ್ನು ವಾಪಸು ಪಡೆಯುತ್ತಿದ್ದೇನೆಂದು ಪತ್ರಿಕೆಗೆ ಆಗಲೇ ಬರೆದು ಕಳಿಸಿಯೂಬಿಟ್ಟರು.

"ಹಸಿದದ್ದಾ? ಯಾವುದು?" ಬಾವಲಿ ಮೇಡಂ ಕೇಳಿದರು.

"ಇನ್ನೇನು ಗುಟ್ಟು! ಎಡಗಡೆಯದು. ಎಡಗಡೆಯದಕ್ಕೆ ಮೊದಲಿಂದ್ಲೂ ಉಪವಾಸ."

ಮೇಡಂ ಮುಖ ಬಿಳಿಚಿಕೊಂಡಿತು. "ಮೇಷ್ಟ್ರೇ, ನೀವು ಊಟಕ್ಕೆ ಹೋದಾಗ ನಾನೇ ಅದಕ್ಕೊಂದು ಪತಂಗ ಹಾಕ್ತಿದ್ನಲ್ಲ... ನಮ್ಮ ಬಾವಲಿಗಳು ತಿಂದು ಮಿಕ್ಕಿದ್ದು. ಪಾಪ, ಮರೆತುಬಿಟ್ಟಿದೀರ ಅಂದ್ಕೊಂಡೆ."

"ದಿನಾನಾ?"

"ರಜೆಯಲ್ಲೂ ಬಿಟ್ಟಿಲ್ಲ. ಉಪವಾಸ ಅಂತ ನೀವು ಯಾರಿಗಾದ್ರೂ ಒಂದು ಮಾತು ಹೇಳಿದ್ರಾ?"

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಗ್ರಂಥಪಾಲಕರು ಮೆಲ್ಲಗೆ ಪೆನ್ನನ್ನು ಅವರ ಕೈಗಿಟ್ಟರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಪ್ರಬಂಧ ಹೋದ್ರೂ ಫೈಲು ಭಂಡಾರದಲ್ಲೇ ಇದೆ, ಬರೆಯೋ ಕೆಲಸ ಹಗುರಾಯ್ತು. ಈಗ ಎರಡು ಕಾಲಮಿಗೂ ಒಂದೇ ಸಾಲು ಸಾಕು. 'ಉಂಡ ಜೇಡ' ಅಂತ ಬರೀರಿ."