ಮೀನಿನ ಮೇಲೆ ಹೊರಿಸಿದ ಸಂಶಯ

ಕುಂದಾಪುರದಲ್ಲಿ ಸ್ಪೋಕನ್ ಇಂಗ್ಲಿಷ್ ತರಗತಿ ನಡೆಸುತ್ತ, ಹಾಲಾಡಿಯಿಂದ ಬೈಂದೂರಿನವರೆಗಿನ ನಾಲಿಗೆಗಳನ್ನು ತಿದ್ದುತ್ತಿರುವ ಮಾನ್ಯ ಮೇಷ್ಟ್ರೇ, ಗಂಗೊಳ್ಳಿಯಿಂದ ಉಪ್ಪುಗಾಳಿಯ ಸಹಿತ ನಮಸ್ಕಾರಗಳು.

2009ರ ನವೆಂಬರ್ ತಿಂಗಳ ಮೊದಲ ಸೋಮವಾರ ತಮ್ಮ ತರಗತಿಯಲ್ಲಿ ಮೀನಿಗೂ ನನ್ನ ತಂಗಿಯ ಮಗಳು ಪೂಜಿತಾಳಿಗೂ ಒಟ್ಟಿಗೇ ಅವಮಾನವಾಯಿತು. ತಾವೇ ಬರೆದ ನುಡಿಗಟ್ಟಿನ ಪುಸ್ತಕ ಹಿಡಿದು, ‘ಸಮ್‌ಥಿಂಗ್ ಫಿಶಿ’ ಎಂದರೆ ‘ಏನೋ ಸಂಶಯಾಸ್ಪದ’ ಎಂದು ವಿವರಿಸಿ, ಸ್ವಂತ ವಾಕ್ಯ ಮಾಡಲು ಹೇಳಿದಿರಿ. ಹಿಂದಿನ ಬೆಂಚಿನ ಜಿತೇಂದ್ರನೆಂಬ ಜಾಣ ಎದ್ದು, ಪೂಜಿತಾಳ ಬುತ್ತಿ ಫಿಶಿ, ಅವಳ ಅಮ್ಮನೂ ಫಿಶಿ ಎಂದ. ಅವಳ ಅಮ್ಮ ಜಲಜ ಬುಟ್ಟಿ ಹೊತ್ತು ಮೀನು ಮಾರುವವಳೆಂದು ಎಲ್ಲರಿಗೂ ಗೊತ್ತು. ತರಗತಿ ನಕ್ಕಿತು. ವ್ಯಾಕರಣದಲ್ಲಿ ತಪ್ಪಿಲ್ಲದ ಕಾರಣ ತಾವು ‘ವೆರಿ ಗುಡ್’ ಎಂದಿರಿ. ಆ ನಿಷ್ಪಕ್ಷಪಾತಕ್ಕೆ ನಾನು ತಲೆಬಾಗುತ್ತೇನೆ. ಹುಡುಗಿ ಮನೆಗೆ ಬಂದು, “ಅಮ್ಮ, ನಾ ಇನ್ ಕ್ಲಾಸಿಗ್ ಹೋತಿಲ್ಲೆ. ನೀನೂ ಬುಟ್ಟಿ ಹೊತ್ಕಂಡ್ ಆ ಬದಿಗ್ ಬರ್ಬೇಡ” ಎಂದಳು. ಜಲಜ ಮರುದಿನವೂ ಎಂದಿನಂತೆ ಬುಟ್ಟಿ ಹೊತ್ತು ಹೊರಟಳು.

ತಮ್ಮ ಪುಸ್ತಕವನ್ನು ಇಡಿಯಾಗಿ ಓದಿ ಧನ್ಯನಾದೆ. ‘ಡ್ರಿಂಕ್ ಲೈಕ್ ಎ ಫಿಶ್’ ಎಂದರೆ ವಿಪರೀತ ಕುಡಿಯುವುದಂತೆ. ನಲವತ್ತು ವರ್ಷ ಬಂದರಿನಲ್ಲಿ ಏಲಂ ಕೂಗಿ ಮೀನು ಹರಾಜು ಹಾಕಿದ ನಾನು, ಕುಡಿದು ಗಟಾರಕ್ಕೆ ಬಿದ್ದ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ, ಒಂದೇ ಒಂದು ಬಂಗ್ಡೆ ಮೀನನ್ನು ಕಂಡಿಲ್ಲ. ‘ಕೋಲ್ಡ್ ಫಿಶ್’ ಎಂದರೆ ಪ್ರೀತಿ, ಮಮತೆ ಇಲ್ಲದ ಮನುಷ್ಯನಂತೆ. ಐಸ್ ಪ್ಲಾಂಟಿನ ಕರೆಂಟು ಹೋದ ದಿನ ದಯಮಾಡಿಸಿದರೆ, ತಣ್ಣಗಿನ ಮೀನನ್ನು ನಾವು ಎಷ್ಟು ಮಮತೆಯಿಂದ ಕಾಣುತ್ತೇವೆಂದು ತೋರಿಸಬಹುದು.

ಇನ್ನು ವಾಸನೆಯ ವಿಚಾರ. ಕಿವಿರು ಎತ್ತಿ ಮೂಸಿದವನಿಗೆ ಮೀನು ತನ್ನ ವಯಸ್ಸನ್ನು ಮುಚ್ಚಿಡದೆ ಹೇಳಿಬಿಡುತ್ತದೆ. ಇಂಥ ಪ್ರಾಮಾಣಿಕತೆಯನ್ನು ನಾನು ಯಾವ ಸರ್ಟಿಫಿಕೇಟಿನಲ್ಲೂ ಕಂಡವನಲ್ಲ. ತಮ್ಮ ಪುಸ್ತಕದ 1997ರ ಮೊದಲ ಮುದ್ರಣದಲ್ಲೂ ಇದೇ ಪಾಠವಿದ್ದುದನ್ನು ಹಳೆಯ ಪ್ರತಿ ತರಿಸಿ ನೋಡಿದೆ. ಹನ್ನೆರಡು ವರ್ಷ ಐಸಿಲ್ಲದೆ ಇಟ್ಟ ಮಾಲು ಅದು.

ಆದಕಾರಣ ತಾವು ಇಂಗ್ಲೆಂಡಿಗೆ ಬರೆದು, ‘ಫಿಶಿ’ ಎಂದರೆ ‘ಮರೆಮಾಚದ’ ಎಂದು ಅಲ್ಲಿನವರೆಲ್ಲ ಇನ್ನು ಮುಂದೆ ತಿಳಿಯುವಂತೆ ಏರ್ಪಾಡು ಮಾಡಬೇಕು. ಅಲ್ಲಿಂದ ಒಪ್ಪಿಗೆ ಬರುವ ತನಕ ನಮ್ಮ ಬಂದರಿಗೆ ಬಂದು, ಒಂದು ಕೈಯಲ್ಲಿ ಬಂಗ್ಡೆ, ಇನ್ನೊಂದರಲ್ಲಿ ತಮ್ಮ ಪುಸ್ತಕ ಹಿಡಿದು, ಎರಡನ್ನೂ ಮೂಸಿ, ಯಾವುದು ಸಂಶಯಾಸ್ಪದವೆಂದು ಏಲಂ ಕೂಗುವ ದನಿಯಲ್ಲಿ ಸಾರಬೇಕು. ಇದು ಕಷ್ಟವೆನಿಸಿದರೆ, ಪೂಜಿತಾಳನ್ನು ಮನೆಗೆ ಬಂದು ಕರೆದೊಯ್ದು, ಮುಂದಿನ ಬೆಂಚಿನಲ್ಲಿ ಕೂರಿಸಿ, ಆ ‘ವೆರಿ ಗುಡ್’ ಅನ್ನು ಎಲ್ಲರೆದುರು ಹಿಂತೆಗೆದುಕೊಳ್ಳಿ. ತರಗತಿ ನಕ್ಕಿದ್ದು ಬಹಿರಂಗವಾಗಿ. ಉತ್ತರವೂ ಬಹಿರಂಗವಾಗಿಯೇ ಬೇಕು.

ಮೂಗನ್ನು ಇನ್ನೂ ನಂಬಿರುವ,
ತಮ್ಮ ವಿಶ್ವಾಸಿ,
ಚಂದಯ್ಯ, ಗಂಗೊಳ್ಳಿ

ವಿ.ಸೂ.: ನಿನ್ನೆ ತಮ್ಮ ಮನೆಯವರು ಗೇಟಿನಲ್ಲಿ ನಿಂತು, “ಹ್ವಾಯ್ ಜಲಜಕ್ಕ, ಮೀನ್ ಎಂತ ಇತ್ತ್?” ಎಂದು ಕೂಗಿದರು. “ಅಂಜಲ್ ಇತ್ತ್ ಅಮ್ಮ, ವಾಸ್ನಿಯೂ ಇತ್ತ್. ಮೇಷ್ಟ್ರು ಹೂಂ ಅಂದ್ರೆ ಕೊಡ್ತೆ” ಎಂದಳಂತೆ ಜಲಜ. ತಾವು ಒಳಗೇ ಇದ್ದು ಬರೀ ಕೆಮ್ಮಿದಿರಂತೆ. ಅಂಜಲ್ ಪಕ್ಕದ ಮನೆಗೆ ಹೋಯಿತು.