ಹಿಮ್ಮೆಟ್ಟದ ಟ್ರೈಲರ್

ಯುಗಗಳಲ್ಲಿ ಕಲಿಯುಗ, ಕಲಿಯುಗದೊಳಗೆ ಡೀಸೆಲ್ಲಿನ ಯುಗ, ಆ ಡೀಸೆಲ್ಲಿನ ಯುಗದಲ್ಲಿಯೂ ಕಬ್ಬಿನ ಲೋಡುಗಳು ಆಲೆಮನೆಯತ್ತ ನಡೆಯುವ, ಮದುವೆಗಳ ದೆಸೆಯಿಂದ ಕುರಿಗಳ ಆಯುಷ್ಯ ಕಡಿಮೆಯಾಗುವ ಮಾಘಮಾಸ. ಎಲೈ ನಾಲೆಯ ಜಲದೇವತೆಯೇ, ಎಲೈ ಗ್ರೀಸಿನ ಡಬ್ಬಿಯಲ್ಲಿ ನೆಲೆಸಿರುವ ಅಧಿದೇವತೆಯೇ, ಎಲೈ ಸಾರಿಗೆ ಇಲಾಖೆಯ ನಿಯಮೋಪನಿಯಮಗಳ ಅಕ್ಷೌಹಿಣಿಯೇ, ಒಂದಿಷ್ಟು ಸರಿದು ಕುಳಿತು ಕೇಳಿರಿ. ಗೊರವನಕೊಪ್ಪಲಿನ ಚೌಡೇಶನೆಂಬ ಬಿ.ಎ. ಪದವೀಧರನ, ಚಾಲನಾಪರವಾನಗಿಪತ್ರವಿಭೂಷಿತನ, ಸುರಕ್ಷತಾನಿಯಮಪುಸ್ತಿಕಾಪಾರಂಗತನ ಸಾಹಸವನ್ನು ಹಾಡುವ ಹೊತ್ತು ಬಂದಿದೆ. ಹಿಂದಿನ ಅರಸರು ಹೊಗಳುಭಟರಿಗೆ ಸಂಬಳ ಕೊಟ್ಟು ಸಾಕುತ್ತಿದ್ದರು. ಚೌಡೇಶನಿಗೆ ಆ ಅನುಕೂಲವಿಲ್ಲದ್ದರಿಂದ ಅವನ ಹೊಗಳುಭಟನೂ ಅವನೇ, ಅಂದರೆ ನಾನೇ. ನನ್ನನ್ನು ನಾನು 'ಅವನು' ಎಂದು ಕರೆದುಕೊಂಡರೆ ಹೊಗಳುವುದಕ್ಕೆ ನಾಚಿಕೆಯಾಗುವುದಿಲ್ಲ, ಉಗಿಯುವುದಕ್ಕೂ ಸಲೀಸು.

ಪ್ರಸಂಗವಿಷ್ಟು. ಚೌಡೇಶನ ಅಕ್ಕ ಸಣ್ಣತಾಯಮ್ಮನನ್ನು ಬಸರೀಪುರಕ್ಕೆ ಕೊಟ್ಟಿದೆ. ಅವಳ ಮಗಳ ಮದುವೆ ಮುಗಿದು ಆ ಭಾನುವಾರ ಬೀಗರೂಟ. ಬಂದ ಬೀಗರೋ, ಮದುವೆಯ ಪಾಯಸದಲ್ಲಿ ದ್ರಾಕ್ಷಿ ಎಷ್ಟಿದ್ದವೆಂದು ಎಣಿಸಿದವರು. ಮುದ್ದೆ ಹೊತ್ತಿಗೆ ಸರಿಯಾಗಿ ಎಲೆಗೆ ಬೀಳದಿದ್ದರೆ ಆ ಸುದ್ದಿಯನ್ನು ಮೊಮ್ಮಕ್ಕಳ ಕಾಲದವರೆಗೂ ಕೆಡದಂತೆ ಕಾಪಾಡಬಲ್ಲವರು. ಅಷ್ಟು ಜನಕ್ಕೆ ಹಿಟ್ಟು ಬೇಯಿಸುವ ಹಂಡೆಗಳು ಇದ್ದದ್ದು ಗೊರವನಕೊಪ್ಪಲಿನ ದೇವಸ್ಥಾನದಲ್ಲಿ. ಆ ಹಂಡೆಗಳನ್ನೂ, ಹಿಟ್ಟು ತಿರುವುವ ಆಳುದ್ದದ ಮುದ್ದೆಕೋಲನ್ನೂ ಹೊತ್ತಿಗೆ ಮುಂಚೆ ತಲುಪಿಸುವ ಹೊಣೆ ಸೋದರಮಾವನಾದ ಚೌಡೇಶನ ಹೆಗಲೇರಿತ್ತು. ಟ್ರ್ಯಾಕ್ಟರನ್ನು ಚಿಕ್ಕಪ್ಪನ ಮಗ ಮಾದೇವನ ಕೈಲಿ ಕಳಿಸಿ ನೀನು ಬೈಕಿನಲ್ಲಿ ಬಾ ಎಂದು ಅಕ್ಕ ಫೋನಿನಲ್ಲಿ ಬೇಡಿಕೊಂಡಳು. ವೀರನ ಕಿವಿಗೆ ಅದು ಸೀಸ ಹುಯ್ದಂತಾಯಿತು. ಮಾದೇವ ಮೀಸೆ ಮೂಡುವ ಮುನ್ನವೇ ಟ್ರ್ಯಾಕ್ಟರು ಹೊಡೆದವನು, ಆದರೆ ಲೈಸೆನ್ಸಿಲ್ಲದವನು. ಲೈಸೆನ್ಸಿನ ಮಸಿ ಇನ್ನೂ ಆರದ ಚೌಡೇಶ, ಆ ಮಾತನ್ನು ಹಟ್ಟಿಯ ಮುಂದೆ ನಾಲ್ಕು ಜನ ಕೇಳುವಂತೆ ಸಾರಿದ. ಮಾದೇವ ಕೀಲಿಕೈಯನ್ನು ಜಗುಲಿಯ ಮೇಲಿಟ್ಟು, ಮುನಿಸಿಕೊಂಡು, ಸಿನಿಮಾ ನೋಡಲು ಮೈಸೂರಿನ ಬಸ್ಸು ಹತ್ತಿಬಿಟ್ಟ.

ಅಂದು ಬೆಳಿಗ್ಗೆ ನಡೆದ ರಥಾಲಂಕಾರವನ್ನು ವರ್ಣಿಸಲು ಆದಿಶೇಷನಿಗೂ ಬಾಯಿ ಸಾಲದು. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಹೆಬ್ಬೆರಳಿಗಿಂತ ದಪ್ಪನೆಯ ಲೋಹಕೀಲ. ಕೀಲ ಜಾರದಂತೆ ಅದಕ್ಕೊಂದು ಕ್ಲಿಪ್ಪು. ಕ್ಲಿಪ್ಪನ್ನೂ ನಂಬದೆ ಮೇಲೊಂದು ಸರಪಳಿ. ಹಿಂಬದಿಯಲ್ಲಿ ಕತ್ತಲಾದರೆ ಹೊಳೆಯುವ ಕೆಂಪು ಪಟ್ಟಿ, ಅದರ ನಡುವೆ ಕೆಂಪು ತ್ರಿಕೋನ, ಎರಡು ಕಡೆಯೂ ಉರಿಯುವ ದೀಪ. ಹಂಡೆಗಳು ಉರುಳದಂತೆ ಹಗ್ಗ. ಹಂಡೆಗಳ ಮೇಲೆ ಮಲಗಿದ ಮುದ್ದೆಕೋಲು ಟ್ರೈಲರಿನಿಂದ ಎರಡು ಮೊಳ ಹೊರಗೆ ಚಾಚಿಕೊಂಡಿತ್ತು. ಹೊರಗೆ ಚಾಚಿದ ಸರಕಿನ ತುದಿಗೆ ಕೆಂಪು ಬಟ್ಟೆ ಇರಬೇಕೆಂಬುದು ಕಾಯಿದೆ. ಕೆಂಪು ಬಟ್ಟೆಯನ್ನು ಹುಡುಕುತ್ತಾ ಹೋದ ನಿಯಮನಿಷ್ಠನಿಗೆ ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ಯಾವುದೋ ಒಂದು ಕಂಡಿತು. ಯಾರದು, ಏನು ಎಂದು ವಿಚಾರಿಸುವುದು ವೀರರ ಲಕ್ಷಣವಲ್ಲ. ಕಟ್ಟಿದ.

ಆ ಹೊತ್ತಿಗೆ ದೊಡ್ಡವ್ವ ಕೆಂಪಾಜಮ್ಮ ಮೂರು ಜನ ಹೆಂಗಸರನ್ನು ಕಟ್ಟಿಕೊಂಡು ಟ್ರೈಲರ್ ಹತ್ತಿ, ದೊಡ್ಡ ಹಂಡೆಗೆ ಬೆನ್ನು ಕೊಟ್ಟು, ಎಲೆಯಡಿಕೆ ಬಿಚ್ಚಿ ಕುಳಿತಾಗಿತ್ತು. ಹಸಿರು ಸೀರೆಗೆ ಹಳದಿ ರವಿಕೆ ತೊಟ್ಟಿದ್ದಳು. ಹೊಂದುವ ರವಿಕೆ ಸಿಗಲಿಲ್ಲವೆಂದು ಬೆಳಗಿನಿಂದ ಗೊಣಗುತ್ತಲೇ ಇದ್ದಳು. ಚೌಡೇಶ ಕೈಮುಗಿದು, ಪರೀಕ್ಷೆ ತೆಗೆದುಕೊಂಡ ಅಧಿಕಾರಿಯ ಗಂಟಲನ್ನೇ ತನ್ನ ಗಂಟಲಿಗೆ ತಂದುಕೊಂಡು, ಟ್ರೈಲರು ಸರಕು ಸಾಗಿಸಲು ಮಾತ್ರ, ಮನುಷ್ಯಮಾತ್ರರು ಏರತಕ್ಕದ್ದಲ್ಲ ಎಂದು ವಿಧಿಸಿದ.

"ಯಾರಪ್ಪನ ಕಾನೂನ್ಲಾ ಅದು?" ಎಂದಳು ದೊಡ್ಡವ್ವ.

"ಸರ್ಕಾರದ್ದು ಕಣ್ ದೊಡ್ಡವ್ವ."

"ಹಂಡೆ ಕುಂತ್ಕಳಕ್ಕೆ ಜಾಗ ಅದೆ, ಹಂಡೆ ತಿಕ್ದೋಳ್ಗೆ ಇಲ್ವಾ?"

ಚೌಡೇಶ ನಿಯಮಪುಸ್ತಿಕೆಯನ್ನು ಬಿಚ್ಚಿ ಆ ನಿಯಮವನ್ನೇ ಮತ್ತೊಮ್ಮೆ ಗಟ್ಟಿಯಾಗಿ ಓದಿದ. ಹೆಂಗಸರು ಇಳಿದರು. ಬಿಸಿಲಲ್ಲಿ ನಡೆದೇ ಹೊರಟರು.

ರಥ ಹೊರಟಿತು. ನಿಯಮಿತವೇಗಕ್ಕಿಂತಲೂ ತಗ್ಗಿದ, ವಿನಯವೇ ಚಕ್ರ ಕಟ್ಟಿಕೊಂಡಂತಹ ವೇಗ. ಮೊಸರಿನ ಸೈಕಲ್ಲೊಂದು ಗಂಟೆ ಬಾರಿಸಿ ಮುಂದೆ ಹೋಯಿತು. ರಥದ ಧೂಳಿಗೆ ಸೆರಗನ್ನು ಮುಖಕ್ಕೆಳೆದುಕೊಂಡು ಹಿಂದೆ ನಡೆದು ಬರುತ್ತಿದ್ದ ಹೆಂಗಸರು ತನ್ನ ಬಗ್ಗೆ ಆಡುತ್ತಿದ್ದ ಮಾತುಗಳು ಬಹಳ ದೂರದವರೆಗೂ ನಮ್ಮ ವೀರನಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಬಸರೀಪುರಕ್ಕೆ ನಾಲೆಯ ಏರಿಯೊಂದೇ ದಾರಿ. ಎಡಕ್ಕೆ ತುಂಬಿ ಹರಿಯುವ ನಾಲೆ, ಬಲಕ್ಕೆ ಆಳೆತ್ತರ ಕೆಳಗೆ ಗದ್ದೆ. ನಡುವೆ ಒಂದು ಗಾಡಿಗೆ ಮಾತ್ರ ಅಗಲ. ತೂಬಿನ ಹತ್ತಿರ ಒಂದೇ ಒಂದು ಕಡೆ ಏರಿ ಹೊಟ್ಟೆ ಬಿಟ್ಟುಕೊಂಡು ಎರಡು ಗಾಡಿಗೆ ಎಡೆ ಕೊಡುತ್ತದೆ. ಚೌಡೇಶ ಆ ತೂಬನ್ನು ದಾಟಿ, ಹಾಡು ಗುನುಗುತ್ತಾ, ಕೂಗಳತೆಯಷ್ಟು ಮುಂದೆ ಬಂದಿದ್ದ.

ಆಗ ಎದುರಿಗೆ ಕಬ್ಬಿನ ಬೆಟ್ಟವೊಂದು ನಡೆದು ಬಂದಿತು. ಬೆಟ್ಟದ ಮುಂದೆ ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಮೇಲೆ, ಮೀಸೆಯ ಎರಡು ತುದಿಯೂ ಎರಡು ಹೋಬಳಿಗೆ ಸೇರಿದಂತಿದ್ದ, ಬಿಳಿಯಂಗಿಭೂಷಣ, ಆಲೆಮನೆಗಳ ಹಿರಿಯ ಗಿರಾಕಿ ಹೊಂಬಾಳೇಗೌಡ. ಎರಡು ರಥಗಳೂ ಮೂತಿಗೆ ಮೂತಿ ಕೊಟ್ಟು ನಿಂತವು. ಎಂಜಿನುಗಳು ಗುಟುರು ಹಾಕಿ ಆರಿದವು. ನಾಲೆಯಲ್ಲಿ ಎಮ್ಮೆ ಉಜ್ಜುತ್ತಿದ್ದವರು ಉಜ್ಜುವುದನ್ನು ನಿಲ್ಲಿಸಿ ದಡ ಹತ್ತಿ ಕುಳಿತರು. ಎಮ್ಮೆಗಳೂ ತಿರುಗಿ ನೋಡಿದವು.

"ಹಿಂದಕ್ ತಗಳಪ್ಪ ಬಿಯೆ," ಎಂದ ಗೌಡ. "ತೂಬು ನಿನ್ನ ಬೆನ್ ಹಿಂದ್ಲೇ ಅದೆ."

ಚೌಡೇಶ ಸೀಟಿನ ಮೇಲೆ ಎದ್ದು ನಿಂತ. ಸಿಂಹಾಸನವೇ ಎದ್ದಂತಾಯಿತೆಂದು ಬರೆಯಬೇಕೆಂದಿದ್ದೆ. ಸೀಟಿನ ಸ್ಪ್ರಿಂಗು ಕಿತ್ತು ಅಂಗಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಘರ್ಜಿಸಿದ: "ಕೇಳಿ ಗೌಡ್ರೇ. ಕೀಲ, ಕ್ಲಿಪ್ಪು, ಸರಪಳಿ, ದೀಪ, ತ್ರಿಕೋನ, ಎಲ್ಲಾ ಇರೋ ಗಾಡಿ ಇದು. ಕಾಯಿದೇನೇ ಚಕ್ರ ಕಟ್ಕೊಂಡು ಬಂದು ನಿಂತಿದೆ. ಕಾಯಿದೆ ಹಿಂದಕ್ಕೆ ಹೋಗಲ್ಲ. ನಿಮ್ಮ ಕಬ್ಬು ಅಷ್ಟುದ್ದ ಹಿಂದಕ್ಕೆ ಚಾಚಿದೆಯಲ್ಲ, ಅದಕ್ಕೆ ಕೆಂಪು ಬಟ್ಟೆ ಎಲ್ಲಿ?"

"ಕಬ್ಬಿಗ್ಯಾಕ್ಲಾ ಸೀರೆ ಉಡುಸ್ಲಿ? ಕಬ್ಬೇನು ಮದ್ವೆ ಹೆಣ್ಣಾ?" ಎಂದು ಗೌಡ ಬೆಂಚಿನ ಮೇಲಿನ ಸಭಿಕರಂತೆ ಸಾಲಾಗಿ ಕುಳಿತ ದಡದವರನ್ನು ನೋಡಿದ. ಅವರು ನಕ್ಕರು. ಆಮೇಲೆ ಅವನು ತನ್ನ ವಂಶಾವಳಿಯನ್ನು ಬಿಚ್ಚಿದ. ಅವನ ತಾತ ಎತ್ತಿನ ಗಾಡಿಯಲ್ಲಿ ಈ ಏರಿಯ ಮೇಲೆ ಮಹಾರಾಜರ ಎಂಜಿನಿಯರಿಗೂ ದಾರಿ ಬಿಡಲಿಲ್ಲ. ಅಪ್ಪ ಅಮಲ್ದಾರನ ಜೀಪಿಗೂ ಬಿಡಲಿಲ್ಲ. ತಾನು ಹುಟ್ಟಿದ ಲಾಗಾಯಿತು ಹಿಂದಡಿ ಎಂಬುದನ್ನೇ ಕಂಡವನಲ್ಲ. ಚೌಡೇಶ ಇದಕ್ಕುತ್ತರವಾಗಿ ತನ್ನ ಲೈಸೆನ್ಸನ್ನು ಹೊರತೆಗೆದು ಧ್ವಜದಂತೆ ಆಡಿಸಿದ. ಗೌಡ ತನ್ನ ಲೈಸೆನ್ಸು ಮನೆಯ ಟ್ರಂಕಿನಲ್ಲಿದೆಯೆಂದೂ, ಅದು ಇವನದಕ್ಕಿಂತ ಹಳೆಯದೆಂದೂ, ಹಳೆಯದಕ್ಕೆ ಮರ್ಯಾದೆ ಹೆಚ್ಚೆಂದೂ ವಾದಿಸಿದ. ಹೀಗೆ ವಾಗ್ಬಾಣಗಳು ಸುರಿದು ಸುರಿದು ದಡದವರು ಬೀಡಿ ಹಚ್ಚಿದರು.

ಅಷ್ಟರಲ್ಲಿ ಚೌಡೇಶನ ಜೇಬಿನಲ್ಲಿ ಫೋನು ನಡುಗಿತು. ಅಕ್ಕ. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಬೀಗರು ಬಂದು ಚಾಪೆ ಮ್ಯಾಲೆ ಕುಂತವ್ರೆ ಕಣಪ್ಪ. ಸಾರು ಕುದೀತಾ ಅದೆ. ಹಿಟ್ಟಿಗೆ ಎಸರಿಡಕ್ಕೆ ಹಂಡೆ ಇಲ್ಲ. ಎಲ್ಲಿದ್ದೀಯೆ?" ಎಂದಷ್ಟೇ ಕೇಳಿದಳು. ಹಿಂದೆ ಯಾರೋ ಗಂಡಸಿನ ದನಿ, ಇನ್ನೂ ಹಿಟ್ಟಿಗೆ ಎಸರಿಟ್ಟಿಲ್ಲವಾ ತಾಯಿ ಎಂದು ವಿಚಾರಿಸಿದ್ದೂ ಕೇಳಿಸಿತು. ಅದರಲ್ಲಿ ದ್ರಾಕ್ಷಿ ಎಣಿಸುವ ಲಯವಿತ್ತು.

ಚೌಡೇಶ ಇಳಿದ. ಇಳಿದವನು ಕಬ್ಬಿನ ಹೊರೆಯ ಹಿಂದಕ್ಕೆ, ದಡದವರ ಕಣ್ಣಿಗೆ ಕಾಣದ ಕಡೆಗೆ ನಡೆದ. ಯುದ್ಧವು ಮುಷ್ಟಿಗಿಳಿಯಿತೆಂದು ದಡದವರು ಕತ್ತು ಚಾಚಿದರು. ಗೌಡನೂ ಪಂಚೆ ಎತ್ತಿ ಕಟ್ಟಿ ಹಿಂಬಾಲಿಸಿದ. ಅಲ್ಲಿ, ಕಬ್ಬಿನ ಸೋಗೆಯ ನೆರಳಿನಲ್ಲಿ, ಇಬ್ಬರು ಮಹಾರಥಿಗಳ ನಡುವೆ ನಡೆದ ಭಯಂಕರ ಸಂಭಾಷಣೆ ಇದು.

"ಗೌಡ್ರೇ," ಎಂದ ಚೌಡೇಶ ಮೆಲ್ಲಗೆ, "ನಿಮ್ಮನ್ನ ಕೇಳ್ಕೋತೀನಿ. ಒಂಚೂರು ಹಿಂದಕ್ಕೆ ತಗೊಳ್ಳಿ. ನಂಗೆ ಟ್ರೈಲರ್ ಹಾಕ್ಕೊಂಡು ರಿವರ್ಸ್ ಬರಲ್ಲ."

ಗೌಡ ಅತ್ತಿತ್ತ ನೋಡಿದ. ಮೀಸೆಯ ಎರಡೂ ತುದಿ ಒಂದೇ ಹೋಬಳಿಗೆ ಇಳಿದವು. "ನಂಗೆಲ್ ಬತ್ತದಪ್ಪ," ಎಂದ.

ಸತ್ಯ ಇಷ್ಟೇ ಆಗಿತ್ತು. ಚೌಡೇಶ ಪರೀಕ್ಷೆಯಲ್ಲಿ ಎಂಟಂಕಿಯ ಆಕಾರದಲ್ಲಿ ಸುತ್ತು ಹಾಕಿದ್ದು ಬರಿಯ ಟ್ರ್ಯಾಕ್ಟರಿನಲ್ಲಿ, ಮುಂದಕ್ಕೆ. ಟ್ರೈಲರು ಹಿಂದಿದ್ದಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಹೆಚ್ಚು ತಿರುಗಿಸಿದರೆ ಎತ್ತಲೂ ಹೋಗದೆ ಕೀಲದ ಬಳಿ ಮಡಚಿಕೊಳ್ಳುತ್ತದೆ. ಹೊಂಬಾಳೇಗೌಡ ಮಗನಿಗೂ ಹೇಳದೆ ಮುಚ್ಚಿಟ್ಟುಕೊಂಡ ಸಂಗತಿಯೆಂದರೆ, ಅವನು ಆಲೆಮನೆಯ ಬಯಲಿನಲ್ಲಿ ಸುತ್ತು ಹೊಡೆದೇ ತಿರುಗಿಸಿಕೊಳ್ಳುತ್ತಿದ್ದ. ಹಿಂದಡಿ ಕಂಡವನಲ್ಲ ಎಂದದ್ದು ಅಕ್ಷರಶಃ ನಿಜ. ಹಿಂದಕ್ಕೆ ಹೋಗಲಾರೆನೆಂದರೆ ಮಾನ ಹೋಗುತ್ತದೆ, ಹೋಗೆನೆಂದರೆ ಉಳಿಯುತ್ತದೆ. ಇಬ್ಬರೂ ಆ ಕ್ಷಣವೇ ಒಪ್ಪಂದಕ್ಕೆ ಬಂದರು: ಜಗಳ ಮುಂದುವರಿಯತಕ್ಕದ್ದು. "ಜೋರಾಗೇ ಬಯ್ಯಿ," ಎಂದ ಗೌಡ. "ನಮ್ಮ ಮನೆದೇವ್ರನ್ನ ಒಂದ್ ಬುಟ್ಬುಡು."

ಆದರೂ ಅಕ್ಕನ ದನಿ ಕಿವಿಯಲ್ಲಿತ್ತು. ಚೌಡೇಶ ಎಂಜಿನು ಹಚ್ಚಿ, ಕಣ್ಣು ಮುಚ್ಚಿ ತೆರೆದು, ಗೇರನ್ನು ಹಿಂದಕ್ಕೆ ಎಳೆದ. ಟ್ರೈಲರು ಮೊದಲು ಒಂದು ಗೇಣು ವಿಧೇಯವಾಗಿ ಸರಿಯಿತು. ಬಳಿಕ ಅದಕ್ಕೆ ಸ್ವಂತ ಬುದ್ಧಿ ಬಂದು, ಮುನಿದ ಕರುವಿನಂತೆ ಅಂಡನ್ನು ನಾಲೆಯ ಕಡೆ ತಿರುಗಿಸಿತು. ಒಂದು ಚಕ್ರ ಏರಿಯ ಅಂಚಿಗೆ ಬಂದಿತು. ಮಣ್ಣು ಉದುರಿತು. ಹಂಡೆಗಳು ಒಂದಕ್ಕೊಂದು ಬಡಿದು ಬಸರೀಪುರಕ್ಕೆ ಕೇಳಿಸುವಂತೆ ಅತ್ತವು. ಬ್ರೇಕು. ಚಕ್ರಕ್ಕೆ ಕಲ್ಲು ಕೊಟ್ಟವನು ಗೌಡನೇ. ಕಲ್ಲು ಕೊಡುತ್ತಲೇ ಒಪ್ಪಂದ ಮರೆಯದೆ, "ನಮ್ಮಪ್ಪನ ಏರಿ ಕೆಡುಸ್ತೀಯೇನ್ಲಾ" ಎಂದು ದಡಕ್ಕೆ ಕೇಳುವಂತೆ ಅಬ್ಬರಿಸಿದ.

ಆಗ ನಡೆದು ಬಂದರು ಅವರು. ಕಾಯಿದೆಯ ಪ್ರಕಾರ ಟ್ರೈಲರಿನಿಂದ ಇಳಿಸಲ್ಪಟ್ಟವರು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, ದೊಡ್ಡವ್ವನ ನೇತೃತ್ವದಲ್ಲಿ. ದೊಡ್ಡವ್ವ ಹಿಂಬದಿಯಿಂದಲೇ ಬಂದದ್ದರಿಂದ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕೆಂಪು ತ್ರಿಕೋನವಲ್ಲ, ಹೊಳೆಯುವ ಪಟ್ಟಿಯಲ್ಲ. ಮುದ್ದೆಕೋಲಿನ ತುದಿಯಲ್ಲಿ ಗಾಳಿಗೆ ಎರಡು ತೋಳನ್ನೂ ಬೀಸಿ ಕರೆಯುತ್ತಿದ್ದ ತನ್ನ ಕೆಂಪು ರವಿಕೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ತಾನು ತೊಟ್ಟಿದ್ದ ಹಳದಿಯನ್ನೂ ನೋಡಿಕೊಂಡಳು.

ದಡದವರು ಎಲ್ಲವನ್ನೂ ವಿವರಿಸಿದರು: ಇವನು ಬಿಡನು, ಅವನು ಬಿಡನು, ಇಬ್ಬರೂ ಹಟಮಾರಿಗಳು. ದೊಡ್ಡವ್ವ ಅಂಚಿಗೆ ಬಂದ ಚಕ್ರವನ್ನು ನೋಡಿದಳು, ತೂಬನ್ನು ನೋಡಿದಳು, ಅಣ್ಣತಮ್ಮಂದಿರಂತೆ ಒಂದೇ ಬಗೆಯಲ್ಲಿ ಬೆವೆತಿದ್ದ ಇಬ್ಬರ ಮುಖ ನೋಡಿದಳು. ಎಲೆಯಡಿಕೆ ಉಗಿದಳು.

"ಬರಾಕಿಲ್ಲ ಅನ್ನಕ್ಕೆ ಇಷ್ಟ್ ಮಾತಾ?" ಎಂದಳು.

ದಡದವರೂ ಹೆಂಗಸರೂ ಟ್ರೈಲರಿಗೆ ಕೈ ಹಾಕಿದರು. ಹಗ್ಗ ಬಿಚ್ಚಿದರು. ದೊಡ್ಡ ಹಂಡೆಯನ್ನು ದಡದವರಿಬ್ಬರು ಬಿದಿರಿಗೆ ತೂಗುಹಾಕಿ ಹೊತ್ತರು. ಉಳಿದವು ಸಿಂಬೆಯ ಮೇಲೆ ಕುಳಿತು ಹೆಂಗಸರ ತಲೆಯೇರಿದವು. ಕಬ್ಬಿನ ಪಕ್ಕದ ಕಾಲಗಲದ ಜಾಗದಲ್ಲಿ ಒಬ್ಬೊಬ್ಬರಾಗಿ ದಾಟಿದರು. ಗಾಡಿಗಳನ್ನು ಕಾಯಲು ಗೌಡ ನಿಂತ. ಉಳಿದದ್ದು ಮುದ್ದೆಕೋಲು. ಚತುಶ್ಚಕ್ರಶಕಟಾಧಿಪತಿಯಾದ ಚೌಡೇಶ ಅದನ್ನು ಹೆಗಲ ಮೇಲಿಟ್ಟುಕೊಂಡು ಎಲ್ಲರ ಹಿಂದೆ ನಡೆದ. ರವಿಕೆಯನ್ನು ಬಿಚ್ಚಲು ಕೈಯೆತ್ತಿದವನು ತಡೆದ. ಸರಕು ಬೆನ್ನಿನಿಂದ ಎರಡು ಮೊಳ ಹೊರಗೆ ಚಾಚಿಯೇ ಇತ್ತು.

ಬಸರೀಪುರದ ಚಪ್ಪರದಲ್ಲಿ ಬೀಗರು ಎದ್ದು ನಿಂತು ಈ ದಂಡಯಾತ್ರೆಯನ್ನು ನೋಡಿದರು. ಬೆಳಗಿದ ಹಂಡೆಗಳು ಬಿಸಿಲಿಗೆ ಫಳಫಳ. ಕೊನೆಯಲ್ಲಿ ಕೆಂಪು ಪತಾಕೆ ಹಾರಿಸುತ್ತಾ ತಲೆ ತಗ್ಗಿಸಿ ಬರುವ ಗಡ್ಡದ ಯುವಕ. ಹಿರಿಯ ಬೀಗ, ದ್ರಾಕ್ಷಿ ಎಣಿಸಿದವನು, ಸಣ್ಣತಾಯಮ್ಮನತ್ತ ತಿರುಗಿದ. "ಇದೇನ್ ತಾಯಿ? ನಮ್ಮ ಕಡೆ ಹಿಂಗಿಲ್ಲ."

ಸಣ್ಣತಾಯಮ್ಮ ತಮ್ಮನನ್ನೊಮ್ಮೆ ನೋಡಿದಳು. ಟ್ರೈಲರಿಲ್ಲದ ದಾರಿಯನ್ನೊಮ್ಮೆ ನೋಡಿದಳು. "ನಮ್ಮ ಕಡೆ ಅದೆ ಕಣಣ್ಣ," ಎಂದಳು. "ಬೀಗರೂಟಕ್ಕೆ ಹಂಡೆನ ಗಾಡೀಲಿ ತರಂಗಿಲ್ಲ. ತಲೆ ಮ್ಯಾಲೇ ತರ್ಬೇಕು. ಸ್ವಾದರಮಾವ ಬಾವುಟ ಹಿಡ್ಕಂಡ್ ಬರ್ಬೇಕು."

ಬೀಗ ತಲೆದೂಗಿದ. ಅಷ್ಟು ಮರ್ಯಾದೆ ತಮಗೆ ಯಾರೂ ಮಾಡಿರಲಿಲ್ಲವೆಂದು ಪಕ್ಕದವನಿಗೆ ಹೇಳಿದ. ಎಸರು ಕುದಿಯಿತು, ಕೋಲು ತಿರುಗಿತು, ಮುದ್ದೆ ಎಲೆಗೆ ಬಿತ್ತು. ತಡವಾಯಿತೆಂದು ಯಾರೂ ಅನ್ನಲಿಲ್ಲ, ಮರ್ಯಾದೆಗೆ ಅಷ್ಟು ಹೊತ್ತು ಹಿಡಿಯುವುದು ಸಹಜವೆಂದುಕೊಂಡರು. ಉಂಡ ಮೇಲೆ ಹತ್ತಾರು ಗಂಡಸರು ಹೊಟ್ಟೆ ಸವರಿಕೊಳ್ಳುತ್ತಾ ಏರಿಗೆ ಬಂದು ಕೀಲ ಕಿತ್ತು, ಬರಿಯ ಟ್ರೈಲರನ್ನು ಕೈಯಿಂದಲೇ ತೂಬಿನವರೆಗೆ ಹಿಂದಕ್ಕೆ ನೂಕಿದರು. ಯಾವ ದಿಕ್ಕಿಗೆ ತಿರುಗಿಸಬೇಕೆಂದು ಚೌಡೇಶ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ, ಯಾರೂ ನೋಡಲಿಲ್ಲ. ಬರಿಯ ಟ್ರ್ಯಾಕ್ಟರನ್ನು ಆಮೇಲೆ ಅವನೇ ಹಿಂದಕ್ಕೆ ತಂದ. ಅವರು ಬುತ್ತಿಯಲ್ಲಿ ತಂದ ಮಾಂಸದ ಸಾರನ್ನು ಉಂಡು ಹೊಂಬಾಳೇಗೌಡ, ನಾನು ಬಿಟ್ಟುಕೊಡಲಿಲ್ಲ ನೋಡಿದ್ರಾ ಎಂದು ಎಲ್ಲರಿಗೂ ಹೇಳಿ, ಮುಂದಕ್ಕೇ ಹೋದ.

ಸಂಜೆ ಊರಿಗೆ ಹೊರಡುವಾಗ ಚೌಡೇಶ ಟ್ರೈಲರಿನ ಪಕ್ಕ ನಿಂತು, ಹತ್ತು ದೊಡ್ಡವ್ವ, ಯಾರೂ ನೋಡಲ್ಲ ಎಂದ. ಅವಳು ಹತ್ತಲಿಲ್ಲ. ತೊಳೆದು ಒರಗಿಸಿದ್ದ ಮುದ್ದೆಕೋಲಿನ ತುದಿಯಿಂದ, ಹಬೆಗೂ ಹೊಗೆಗೂ ಸುರುಟಿಹೋಗಿದ್ದ ರವಿಕೆಯ ಗಂಟನ್ನು ಹಲ್ಲಿನಿಂದ ಬಿಡಿಸತೊಡಗಿದಳು.

"ಇರ್ಲಾ," ಎಂದಳು. "ಬಾವುಟ ಒಗೀಬೇಕು."