ಚೀನಾಕ್ಕೆ ಹೋದ ಎತ್ತಿನ ಗಂಟೆ

ನವೆಂಬರ್ ಮೂರು, ಸೋಮವಾರ. ಮೋಡವಿತ್ತು, ಮಳೆ ಬರಲಿಲ್ಲ. ನಮ್ಮ ಕಾರ್ಖಾನೆಗೆ ಚೀನಾದಿಂದ ಬಂದ ಯಂತ್ರದ ಹಿಂದೆಯೇ ಅದನ್ನು ಜೋಡಿಸುವ ಎಂಜಿನಿಯರೂ ಬಂದರು. ಅವರ ಜೊತೆಗಿರುವ ಕೆಲಸ ಸ್ಟೋರ್ ನೋಡಿಕೊಳ್ಳುವ ನನಗೆ ಬಿತ್ತು. ಇಬ್ಬರ ಇಂಗ್ಲಿಷೂ ಒಂದೇ ಸಮ ಮುರುಕು. ಅವರು ಹೊಸಪೇಟೆಯಲ್ಲಿದ್ದ ಮೂರು ತಿಂಗಳು ಏನಾದರೊಂದು ಆಗದ ವಾರವಿರಲಿಲ್ಲ.

ಚಹಾ

ಅವರ ಕಿಸೆಯಲ್ಲಿ ನೋಟೇ ಇರುತ್ತಿರಲಿಲ್ಲ. ತಮ್ಮೂರಲ್ಲಿ ಸೊಪ್ಪು ಮಾರುವವರೂ ಫೋನಿನಲ್ಲೇ ತೆಗೆದುಕೊಳ್ಳುತ್ತಾರೆ ಎಂದರು. ಚಿತ್ತವಾಡ್ಗಿಯ ಚಹಾದಂಗಡಿಯ ಅಕ್ಕನೂ ಸ್ಕ್ಯಾನರ್ ಮುಂದಿಟ್ಟಳು. ಅವರ ಫೋನು ಅದನ್ನು ಒಪ್ಪಲಿಲ್ಲ.

"ಅವ್ರೂ ಭಾಳ ಮುಂದುವರದಾರ, ನಾವೂ ಮುಂದುವರದೇವಿ," ಎಂದಳು ಅಕ್ಕ. "ಚಹಾದ ರೊಕ್ಕ ಮಾತ್ರ ನಡುವ ನಿಂತೈತಿ. ನೀವ ಕೊಡ್ರಿ ಸರ್."

ಕೊಟ್ಟೆ. ಅಂದಿನಿಂದ ಲೋಟ ಕೆಳಗಿಟ್ಟೊಡನೆ ಅವರು ನನ್ನ ಕಡೆ ಬೆರಳು ತೋರಿಸುವುದು ರೂಢಿಯಾಯಿತು.

ಗೇಟಿನ ಮುಂದೆ

ಎಂಜಿನಿಯರ ತಂದೆ ಚೀನಾದ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಮನೆ, ಶಾಲೆ, ಡಾಕ್ಟರು ಎಲ್ಲ ಕಾರ್ಖಾನೆಯದೇ. ಸಾಯುವವರೆಗೆ ಕೆಲಸ ಗಟ್ಟಿ ಎಂದುಕೊಂಡಿದ್ದರು. ಕಾಲ ಬದಲಾಯಿತು, ಕಾರ್ಖಾನೆ ಮುಚ್ಚಿತು. ತಂದೆ ಅದೇ ಗೇಟಿನ ಮುಂದೆ ಚಪ್ಪಲಿ ಮಾರಲು ಕೂತರು. ಹಳೆಯ ಸಾಹೇಬರು ಆ ದಾರಿಯಲ್ಲಿ ಬಂದರೆ ನಾಚಿಕೆಯಿಂದ ಗೋಣಿಚೀಲದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ.

"ಎಷ್ಟು ದಿನ ಮುಚ್ಚಿಕೊಂಡರು?" ಎಂದೆ.

"ಒಂದು ತಿಂಗಳು. ಆಮೇಲೆ ಸಾಹೇಬರೇ ಪಕ್ಕದಲ್ಲಿ ಕಾಲುಚೀಲದ ಅಂಗಡಿ ಹಾಕಿದರು."

ಗಂಟೆ

ಹೊರಡುವ ಹಿಂದಿನ ದಿನ, ಪಾಪಿನಾಯಕನಹಳ್ಳಿಯ ಒಂದು ಕಟ್ಟೆಯ ಮೇಲೆ ಎತ್ತಿನ ಕೊರಳಗಂಟೆ ಕಂಡು ಅವರು ನಿಂತುಬಿಟ್ಟರು. ಗಂಟೆಯ ಒಡೆಯ ಒಬ್ಬ ಮುದುಕ. ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು.

"ಎತ್ತಿಲ್ಲದವ್ರಿಗೆ ಗಂಟಿ ಯಾಕ್ರಿ? ಕೊಡಂಗಿಲ್ಲ."

ಎಂಜಿನಿಯರ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಅವರ ತಾತನೂ ದನದ ದಲ್ಲಾಳಿ. ಸರ್ಕಾರ ಊರಿನ ದನವನ್ನೆಲ್ಲ ಸಾಮೂಹಿಕ ಕೊಟ್ಟಿಗೆಗೆ ಸೇರಿಸಿಕೊಂಡಾಗ ಮನೆಯ ಗಂಟೆಯೂ ಹೋಯಿತು. ಈಗ ಆ ಊರಲ್ಲಿ ಗಂಟೆ ಮಾಡುವ ಕಾರ್ಖಾನೆಯೇ ಇದೆ; ಎಲ್ಲವೂ ಹೊರದೇಶದ ಕ್ರಿಸ್‌ಮಸ್‌ಗೆ. ಹಾಸಿಗೆ ಹಿಡಿದ ತಂದೆ ಮಾತ್ರ ಎತ್ತಿನ ಗಂಟೆಯ ಸದ್ದೇ ಬೇಕೆನ್ನುತ್ತಿದ್ದಾರೆ.

ಮುದುಕ ಹೆಗಲ ಮೇಲಿನ ಟವೆಲ್ ತೆಗೆದು, ದನದ ಸಂತೆಯಲ್ಲಿ ಬೆರಳೊತ್ತಿ ಗುಟ್ಟಾಗಿ ಬೆಲೆ ಕುದುರಿಸುವಂತೆ, ಕೈಮೇಲೆ ಹಾಸಿಕೊಂಡ. ಯಾರೂ ಹೇಳಿಕೊಡದೆ ಎಂಜಿನಿಯರ್ ತಮ್ಮ ಕೈಯನ್ನು ಅದರಡಿಗೆ ತೂರಿಸಿದರು. ಅವರ ತಾತ ಅಂಗಿಯ ತೋಳಿನೊಳಗೆ ಇದನ್ನೇ ಮಾಡುತ್ತಿದ್ದರಂತೆ. ಟವೆಲ್ಲಿನಡಿ ಬೆರಳುಗಳು ಬಹಳ ಹೊತ್ತು ಜಗ್ಗಾಡಿದವು. ಕೊನೆಗೆ ಎಂಜಿನಿಯರ್ ಕೈ ಹೊರತೆಗೆದು ಎರಡೂ ಕೈಯಿಂದ ಗಂಟೆ ತೆಗೆದುಕೊಂಡರು.

"ಎಷ್ಟಕ್ಕಾತ್ರಿ?" ನಮ್ಮ ಡ್ರೈವರ್‌ಗೆ ತಡೆಯಲಾಗಲಿಲ್ಲ.

"ಟವೆಲ್ಲಿನ ಮಾತು ಹೊರಗ ಹೇಳಂಗಿಲ್ಲ," ಎಂದ ಮುದುಕ. ಎಂಜಿನಿಯರನ್ನು ಕೇಳಿದರೆ ಅವರೂ ಹೇಳುವಂತಿಲ್ಲ ಎಂದು ತಲೆಯಾಡಿಸಿದರು. ಅವರೂರಲ್ಲೂ ಹಂಗೇ ಅಂತೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಮತ್ತೆ ಮತ್ತೆ ಉಪಕಾರ ನೆನೆದರು. ಕನ್ನಡಕ್ಕೆ ತಂದದ್ದಕ್ಕಿರಬೇಕು ಎಂದುಕೊಂಡು ಸಂಕೋಚಪಟ್ಟೆ.

ಅವರು ಊರು ಮುಟ್ಟಿದ ಮೇಲೆ ಒಂದು ವಿಡಿಯೊ ಕಳಿಸಿದರು. ಹಾಸಿಗೆಯಲ್ಲಿ ತಂದೆ ಗಂಟೆ ಅಲ್ಲಾಡಿಸುತ್ತಿದ್ದರು, ಬಿಡದೆ. ಅದನ್ನು ನೋಡುತ್ತಿರುವಾಗಲೇ ಗಂಟೆಯ ಮುದುಕ ನಮ್ಮ ಮನೆ ಬಾಗಿಲಿಗೆ ಬಂದ.

"ಕುಂದ್ರಿ ಯಜಮಾನ್ರ. ಈಗರ ಹೇಳ್ರಿ, ಎಷ್ಟಕ್ಕಾತು?"

ಆತ ನನ್ನ ಕೈಯನ್ನು ಟವೆಲ್ಲಿನಡಿ ಎಳೆದುಕೊಂಡು ಮೂರು ಬೆರಳು ಒತ್ತಿದ.

"ಮುನ್ನೂರು?"

"ಮೂರು ಸಾವಿರ ರೀ."

"ಅವ್ರು ಕೊಟ್ರಾ?"

"ಎಲ್ಲಿ ಕೊಡ್ತಾರ್ರಿ, ಕಿಸೆ ಖಾಲಿ. ಟವೆಲ್ಲಿನ ಒಳಗಿಂದನ ನಿಮ್ಮ ಕಡೆ ಬೆರಳು ಮಾಡಿದ್ರು."